ಬಿಳಿ ಬಂದರೆ

ಹಾಸನದ ಮೀನಂಗಡಿಯಲ್ಲಿ ಐಸು ತುಂಬಿಸಿಕೊಂಡು
ಆರೂವರೆಗೆ ಹೊರಟೆವು, ನಾನು ಮತ್ತು ಡ್ರೈವರ್ ಅಕ್ಮಲ್.
ಐಸಿನ ಬಿಲ್ಲು ಮಂಜೂರಾಗಿ ಎರಡು ವರ್ಷವಾಯಿತು,
ಮೀನಿನವನು ಇನ್ನೂ ಕೊಡುತ್ತಿದ್ದಾನೆ.
ಬಾಟಲಿಗೆ ಬಂಗುಡೆಯ ವಾಸನೆ ಎಂದು
ಲ್ಯಾಬಿನವರು ಬೈಯುತ್ತಾರೆ.

ಚನ್ನರಾಯಪಟ್ಟಣ ದಾಟಿ ಎಡಕ್ಕೆ,
ಎಂಟುನೂರು ಹಸುವಿನ ಫಾರಂ.
ಗೇಟಿನಲ್ಲಿ ಜೀಪಿನ ಚಕ್ರಕ್ಕೆ ಔಷಧಿ ಹೊಡೆದರು,
ನಮ್ಮ ಕಾಲಿಗೆ ನೀಲಿ ಕವರು ತೊಡಿಸಿದರು.
ನಾವು ಒಳಗೆ ರೋಗ ತರಬಾರದಲ್ಲ.
ಒಳಗಿನಿಂದ ಹೊರಗೆ ಹೋಗುವುದಕ್ಕೆ
ಯಾರೂ ಏನೂ ತೊಡಿಸುವುದಿಲ್ಲ.

ಮ್ಯಾನೇಜರ್ ನೇಮಿರಾಜ ಕೂರಿಸಿ ಹಾಲು ತರಿಸಿದ.
‘ಸಗಣಿ ಮೇಡಂ, ವಿಷ ಅಲ್ಲ.
ನಿಮ್ಮಜ್ಜಿ ಅಂಗಳ ಸಾರಿಸಿದ್ದು ಇದರಲ್ಲೇ ಅಲ್ಲವಾ?’
ಇದರಲ್ಲೇ. ನಮ್ಮಜ್ಜಿಗಿದ್ದದ್ದು ಎರಡು ಹಸು,
ಬೊಗಸೆ ಸಗಣಿಗೆ ಅಂಗಳ ಸಾಲುತ್ತಿತ್ತು.
ಎಂಟುನೂರಕ್ಕೆ ಅಂಗಳ ಎಲ್ಲಿಂದ ತರೋಣ ನೇಮಿರಾಜರೇ?
ಹಾಲಿನ ಮೇಲೆ ಕೆನೆ ಕಟ್ಟಿತು. ಕುಡಿಯಲಿಲ್ಲ.

ಹಿಂದುಗಡೆ ನಕ್ಷೆಯಲ್ಲಿಲ್ಲದ ಒಂದು ಪೈಪು
ಕಾರೆಹಳ್ಳಕ್ಕೆ ಬಾಯಿ ಇಟ್ಟು ಮಲಗಿತ್ತು.
ಬಾಟಲಿ ಮುಳುಗಿಸಿದೆ, ಗುಳ್ಳೆ ಬಾರದ ಹಾಗೆ.
ಎರಡು ದ್ರಾವಣ, ತಲಾ ಎರಡು ಎಂ.ಎಲ್.
ಬಿರಡೆ ಹಾಕಿ ಮೇಲೆ ಕೆಳಗೆ ಮಾಡಬೇಕು.
ನೀರಲ್ಲಿ ಉಸಿರಿದ್ದರೆ ಕಂದು ಬರುತ್ತದೆ.
ಇಲ್ಲದಿದ್ದರೆ ಬಿಳಿ.

ಬಿಳಿ ಬಂತು.
ಆಗ ತಾನೇ ಕರೆದ ಹಾಗೆ, ನೊರೆ ಒಂದಿಲ್ಲ.

ಮಹಜರಿಗೆ ಇಬ್ಬರು ಸಾಕ್ಷಿ ಬೇಕು.
ದ್ಯಾವೇಗೌಡರು ಫಾರಮ್ಮಿಗೆ ಹಸಿ ಜೋಳ ಹಾಕಿದ್ದಾರೆ,
ದುಡ್ಡು ಬರಬೇಕು.
ಹಳ್ಳದ ಕೆಳಗಿನ ಕೆಂಪಾಜಮ್ಮ ಮೊಣಕಾಲಿನ ತನಕ
ಕೆರೆತದ ಗಾಯ ತೋರಿಸಿದಳು.
ಸೊಸೆ ಅಲ್ಲೇ ಹಾಲಿನ ಮೆಷಿನ್ನು ಹಿಡಿಯುತ್ತಾಳೆ.
‘ಬೆರಳು ಒತ್ತಿದರೆ ಯಾರ ಬೆರಳು ಅಂತ ಗೊತ್ತಾಗ್ತದಾ ತಾಯಿ?’
ಗೊತ್ತಾಗ್ತದೆ ಅಂದೆ.
ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಅಂಚೆಯ ಸಿದ್ದಪ್ಪಾಜಿ ಸೈಕಲ್ಲಿಂದ ಇಳಿದು ಸಹಿ ಹಾಕಿದ,
ಮುಂದಿನ ತಿಂಗಳು ನಿವೃತ್ತಿ, ಹೆದರಿಕೆಯ ಸರ್ವೀಸೂ ಮುಗಿದಿದೆ.
ಇನ್ನೊಬ್ಬ?
ಕೊಟ್ಟಿಗೆ ತೊಳೆಯುತ್ತಿದ್ದ ಒಡಿಶಾದ ಹುಡುಗ
ಪೈಪು ಕೆಳಗಿಟ್ಟು ಬಂದ. ಯಾರೂ ಕರೆದಿರಲಿಲ್ಲ.
ಕೈಯನ್ನು ಲುಂಗಿಗೆ ಒರೆಸಿ
ತನ್ನ ಲಿಪಿಯಲ್ಲಿ ನಿಧಾನ ಬರೆದ.
ನಮ್ಮ ಅಕ್ಷರದ ಹಾಗೇ ದುಂಡು ದುಂಡು,
ಒಂದೂ ಓದಲು ಬರಲಿಲ್ಲ.
ಹೆಸರು ಕೇಳುವಷ್ಟರಲ್ಲಿ ಒಳಗಿನಿಂದ ಯಾರೋ ಕೂಗಿದರು.

ಫೈಲು ವಾಪಸು ಬಂತು, ಕೆಂಪು ಶಾಯಿಯಲ್ಲಿ:
‘ಎರಡನೇ ಸಾಕ್ಷಿಯ ಸಹಿ ಯಾವ ಭಾಷೆಯದು?
ದೃಢೀಕರಿಸಿ ಮರುಮಂಡಿಸುವುದು.’
ರಟ್ಟಿನ ಮೇಲೆ ಜಲ ಕಾಯ್ದೆ ಎಂದು ಬರೆದಿದೆ.
ನಾನೂ ಕಾಯ್ದೆ, ಇಪ್ಪತ್ತೆರಡು ದಿನ.

ಮತ್ತೆ ಹೋದಾಗ ಪೈಪಿನ ಬಾಯಿಗೆ ಹೊಸ ಮುಚ್ಚಳ.
ಹುಡುಗ ಊರಿಗೆ ಹೋದ ಎಂದ ನೇಮಿರಾಜ.
ಯಾವ ಊರು?
‘ಅದೇ, ಅವರ ಕಡೆ.’
ಕೆಂಪಾಜಮ್ಮ ಹುಲ್ಲು ಕೊಯ್ಯುತ್ತ, ನನ್ನ ಕಡೆ ನೋಡದೆ,
‘ರಾತ್ರಿ ಮಳೆ ಹುಯ್ದರೆ ಮುಚ್ಚಳ ತೆಗೀತಾರೆ’ ಅಂದಳು,
ಹುಲ್ಲಿಗೆ ಹೇಳಿದ ಹಾಗೆ.

ಮತ್ತೆ ಬಾಟಲಿ, ಬಿರಡೆ, ಮೇಲೆ ಕೆಳಗೆ.
ಈ ಸಲ ತೆಳ್ಳಗೆ ಕಂದು,
ನೀರು ಹೆಚ್ಚಾದ ಚಹಾದಷ್ಟು.
‘ಹಂಗಾದ್ರೆ ಪಾಸಾ ಮೇಡಂ?’ ಅಕ್ಮಲ್ ಕೇಳಿದ.
ಅಂಕಿ ಬರೆದುಕೊಂಡೆ. ಮೋಡ ನೋಡಿದೆ.
ಮಳೆ ಬಂದ ರಾತ್ರಿಗೆ ಜೀಪು ಬೇಕೆಂದು
ಅರ್ಜಿ ಬರೆಯಬೇಕು, ಯಾವ ಹೆಡ್ಡಿನಲ್ಲಿ ಎಂದು ಗೊತ್ತಿಲ್ಲ.

ಮನೆಯಲ್ಲಿ ಮಗಳು ಹಾಲಿನ ಲೋಟ ಚಾಚಿದಳು,
‘ಆರಿಸಿಕೊಡು.’
ಅಂಗೈ ಮುಚ್ಚಿ ಮೆಲ್ಲಗೆ ಅಲುಗಿಸಿ
ದೀಪಕ್ಕೆ ಹಿಡಿದು ನಿಂತುಬಿಟ್ಟೆ.
‘ಏನಮ್ಮ ನೋಡ್ತಿದೀಯ?’